ಅಧೀಕ್ಷಕರ ಮನೆಯವರ ಬ್ಲಾಗನ್ನು ಕಚೇರಿ ವೇಳೆಯಲ್ಲಿ ಓದಿ ನಗುವ ಕುರಿತು

ಸಂಖ್ಯೆ: ಕವಿ/ಬ್ಲಾಗ್/ನಗು/2 (ತಿದ್ದುಪಡಿ)

ಅಧೀಕ್ಷಕರ ಕಾರ್ಯಾಲಯ, ಕಡತ ವಿಭಾಗ,
ಎರಡನೇ ಮಹಡಿ (ಲಿಫ್ಟ್ ಕೆಟ್ಟಿರುತ್ತದೆ)

ಸುತ್ತೋಲೆ

ವಿಷಯ: "ನಮ್ಮನೇಲೊಂದು ಕಚೇರಿ" ಎಂಬ ಬ್ಲಾಗಿನ ಓದು, ತತ್ಸಂಬಂಧಿ ನಗು ಹಾಗೂ ಸದರಿ ಬ್ಲಾಗ್ ನಿಂತುಹೋಗಿರುವ ಬಗ್ಗೆ.

ಉಲ್ಲೇಖ: 1. ಇದೇ ವಿಷಯದ ಹಿಂದಿನ ಸುತ್ತೋಲೆ (ಈಗ ವಿಷಾದಿಸಲಾಗುತ್ತಿದೆ).
2. ಅಧೀಕ್ಷಕರು ತಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ಬ್ಲಾಗನ್ನು ಏಕೆ ನಿಲ್ಲಿಸಬಾರದೆಂದು ಕಾರಣ ಕೇಳುವ ನೋಟಿಸು.
3. ಸದರಿ ನೋಟಿಸಿಗೆ ಉತ್ತರವಾಗಿ ಮುಚ್ಚಿಹೋದ ಬ್ಲಾಗ್.

ಅಧೀಕ್ಷಕರ ಧರ್ಮಪತ್ನಿಯವರು ಮನೆಯ ಆಗುಹೋಗುಗಳನ್ನು ಮೇಲ್ಕಂಡ ಬ್ಲಾಗಿನಲ್ಲಿ ಬರೆಯುತ್ತಿದ್ದು, ಅದರಲ್ಲಿ 'ಕಡತರಾಯರು' ಎಂಬ ಗಂಡನ ಪಾತ್ರ ಬರುತ್ತಿದ್ದು, ವಿಭಾಗದ ಸಮಸ್ತ ಸಿಬ್ಬಂದಿಯವರು ಟೀ ವೇಳೆಯಲ್ಲಿ ಒಂದೆಡೆ ಸೇರಿ ಓದುತ್ತಿದ್ದುದು ಗಮನಕ್ಕೆ ಬಂದಿತ್ತು. ಹಿಂದಿನ ಸುತ್ತೋಲೆಯಲ್ಲಿ ಸದರಿ ಓದನ್ನೂ, ಅದರ ಬಗ್ಗೆ ಯಾರೊಡನೆಯೂ ಮಾತಾಡುವುದನ್ನೂ ನಿಷೇಧಿಸಿ, ಕಚೇರಿಯ ಕಂಪ್ಯೂಟರುಗಳಲ್ಲಿ ಬ್ಲಾಗ್ ತೆರೆಯದಂತೆ ಮಾಡಲಾಗಿತ್ತು. ಇದರಿಂದ ಓದಲಾಗದೆ ಹೋದವರು ವಿಭಾಗದಲ್ಲಿ ಒಬ್ಬರೇ. ಉಳಿದವರೆಲ್ಲರ ಮೊಬೈಲಿನಲ್ಲಿ ಬ್ಲಾಗ್ ತೆರೆಯುತ್ತಿತ್ತು. ಈ ಸುತ್ತೋಲೆಗೆ ಸಹಿ ಮಾಡಿರುವವರದು ಗುಂಡಿ ಒತ್ತುವ ಮೊಬೈಲ್ ಆಗಿರುತ್ತದೆ.

ಆದುದರಿಂದ ಎಲ್ಲರ ತಿಳಿವಳಿಕೆಗಾಗಿ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಕಡತರಾಯರಿಗೂ ಅಧೀಕ್ಷಕರಿಗೂ ಯಾವುದೇ ಸಂಬಂಧವಿರುವುದಿಲ್ಲ. ಕೂರುವ ಮುನ್ನ ಕರ್ಚೀಫಿನಿಂದ ಕುರ್ಚಿ ಒರೆಸುವುದು, ಕನ್ನಡಕಕ್ಕೆ ದಾರ ಕಟ್ಟಿಕೊಳ್ಳುವುದು, ಸೀನುವ ಮುನ್ನ ಪೆನ್ನಿನ ಮುಚ್ಚಳ ಹಾಕುವುದು ಇವೆಲ್ಲ ಅನೇಕರಲ್ಲಿ ಇರುವ ಅಭ್ಯಾಸಗಳು. ಪರಿಶೀಲಿಸಲಾಗಿ, ಮೂರನೆಯದು ಬೇರೆ ಯಾರಲ್ಲೂ ಕಂಡುಬಂದಿಲ್ಲ. ಆದಾಗ್ಯೂ.

2. ಓದುವಾಗ ನಗು ತಡೆಯಲಾಗದಿದ್ದಲ್ಲಿ ಕಡತವನ್ನು ಮುಖಕ್ಕೆ ಅಡ್ಡ ಹಿಡಿಯತಕ್ಕದ್ದು. ತಲೆಕೆಳಗಾಗಿ ಹಿಡಿಯತಕ್ಕದ್ದಲ್ಲ. ಹೊಟ್ಟೆ ಹಿಡಿದುಕೊಂಡು ನಗುವವರು ಪೂರ್ವಾನುಮತಿ ಪಡೆಯತಕ್ಕದ್ದು. ಬೆರಳಚ್ಚು ಅಮ್ಮನವರ ನಗು ಕೆಳಮಹಡಿಗೆ ಕೇಳಿಸಿ, ಅಲ್ಲಿನವರು ಬೆಂಕಿಯ ಗಂಟೆ ಬಾರಿಸಿ ಎಲ್ಲರನ್ನೂ ಬೀದಿಗೆ ಕಳಿಸಿದ ಘಟನೆ ಮರುಕಳಿಸಬಾರದು.

3. ಮನೆಯಲ್ಲಿ ಉಪ್ಪು ಮುಗಿದಾಗ ಕಡತರಾಯರು ಖಾಲಿ ಡಬ್ಬಿಯ ಮೇಲೆ "ಮುಂದಿನ ಕ್ರಮಕ್ಕಾಗಿ" ಎಂದು ಬರೆದು ಸಹಿ ಹಾಕಿದರು ಎಂಬ ವರದಿ ಅರ್ಧಸತ್ಯವಾಗಿರುತ್ತದೆ. "ತುರ್ತು" ಎಂದೂ ಬರೆಯಲಾಗಿತ್ತು. ಸಿಬ್ಬಂದಿಯವರು ತಮ್ಮ ತಮ್ಮ ಮನೆಯ ಖಾಲಿ ಉಪ್ಪಿನ ಡಬ್ಬಿಗಳನ್ನು ಅಧೀಕ್ಷಕರ ಮೇಜಿನ ಮೇಲೆ ಇಟ್ಟುಹೋಗುವುದನ್ನು ಕೂಡಲೇ ನಿಲ್ಲಿಸತಕ್ಕದ್ದು.

4. ಫ್ರಿಜ್ಜಿನ ನೋಟಿಸು ನಿರೀಕ್ಷೆ ಮೀರಿ ಪಾಲನೆಯಾಗಿರುತ್ತದೆ. ಬ್ಲಾಗ್ ನಿಂತದ್ದಲ್ಲದೆ, ಮನೆಯ ಮಾತುಕತೆಯೂ ಕಚೇರಿ ಭಾಷೆಗೆ ತಿರುಗಿದೆ. "ಊಟಕ್ಕೇನಿದೆ?" ಎಂದು ಕೇಳಲಾಗಿ "ಪರಿಶೀಲನೆಯಲ್ಲಿದೆ" ಎಂದೂ, "ಯಾಕೆ ಹೀಗೆ ಮಾತಾಡ್ತೀಯ?" ಎನ್ನಲಾಗಿ "ನಿಯಮಾನುಸಾರ" ಎಂದೂ, "ನನ್ನ ಮೇಲೆ ಕೋಪಾನಾ?" ಎನ್ನಲಾಗಿ "ಈ ಕುರಿತು ಮಾಹಿತಿ ಲಭ್ಯವಿರುವುದಿಲ್ಲ" ಎಂದೂ ಉತ್ತರ ಬಂದಿರುತ್ತದೆ. ಮಗಳು, "ಅಪ್ಪಾ, ನಿನ್ ಜೊತೆ ಮಾತಾಡೋಕೂ ಅರ್ಜಿ ಹಾಕ್ಬೇಕಾ?" ಎಂದು ವಿಚಾರಿಸಿರುತ್ತಾಳೆ.

5. ಸತ್ಯಾಂಶವೇನೆಂದರೆ, ಸದರಿ ಬ್ಲಾಗನ್ನು ಎಲ್ಲರಿಗಿಂತ ಮೊದಲು ಓದುತ್ತಿದ್ದವರು ಅಧೀಕ್ಷಕರೇ. ದಿನಾ ಬೆಳಿಗ್ಗೆ, ಕೊಠಡಿಯ ಬಾಗಿಲು ಹಾಕಿಕೊಂಡು. ಮನೆಯವರ ಚಪ್ಪಲಿ ಕಿತ್ತುಹೋದದ್ದು, ಮಗಳು ಈಜಿನ ತರಗತಿಯೆಂದರೆ ಹೆದರುವುದು, ಬಚ್ಚಲುಮನೆಯ ನಲ್ಲಿ ಸೋರುವುದು ಎಲ್ಲವೂ ಬ್ಲಾಗಿನ ಮೂಲಕವೇ ಗಮನಕ್ಕೆ ಬರುತ್ತಿದ್ದವು. ಗುಟ್ಟಾಗಿ ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿತ್ತು. ಮನೆಯಲ್ಲಿ ಬಾಯಿಬಿಟ್ಟು ಕೇಳುವ ಪದ್ಧತಿ ಜಾರಿಯಲ್ಲಿರಲಿಲ್ಲ. ಈಗ ನಲ್ಲಿ ಮತ್ತೆ ಸೋರುತ್ತಿದೆಯೇ ಎಂಬುದನ್ನು ಅಧೀಕ್ಷಕರು ಖುದ್ದಾಗಿ ಹೋಗಿ ನೋಡಬೇಕಾಯಿತು. ಸೋರುತ್ತಿದೆ. ಅವರಿಗೆ ಬಹಳ ಬೇಸರವಾಗಿದೆ, ನಲ್ಲಿಯ ಬಗ್ಗೆ ಮಾತ್ರವಲ್ಲ.

6. ಕಂಪ್ಯೂಟರುಗಳಲ್ಲಿ ಬ್ಲಾಗ್ ನಿರ್ಬಂಧಿಸಿದ ದಿನವೇ ಅದರಲ್ಲಿ ಒಂದು ಕೊನೆಯ ಬರಹ ಬಂದು, ಮರುದಿನ ಬ್ಲಾಗ್ ಪೂರ್ತಿಯಾಗಿ ಮುಚ್ಚಿಹೋಗಿರುತ್ತದೆ. ಅಧೀಕ್ಷಕರ ಹೊರತು ಎಲ್ಲರೂ ಅದನ್ನು ಓದಿರುತ್ತಾರೆ. ಓದಿದ ಬಳಿಕ ಬೆರಳಚ್ಚು ಅಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡದ್ದೂ, ಯಾರಿಗೂ ತಲೆ ಬಾಗದ ಕಾವಲುಗಾರರು ಅಧೀಕ್ಷಕರ ಸ್ಕೂಟರಿನ ಸೀಟನ್ನು ತಾವಾಗಿಯೇ ಒರೆಸಿಕೊಟ್ಟದ್ದೂ ಕಂಡುಬಂದಿದೆ. ಅದರಲ್ಲಿ ಏನಿತ್ತೆಂದು ಅಂಗಲಾಚಿ ಕೇಳಲಾಗಿ, "ಸಾರ್, ಆ ವಿಷಯ ಯಾರ ಹತ್ರಾನೂ ಮಾತಾಡಬಾರ್ದು ಅಂತ ನೀವೇ ಅಲ್ವಾ ಸುತ್ತೋಲೆ ಕಳಿಸಿದ್ದು?" ಎಂದು ಸಿಬ್ಬಂದಿಯವರು ಒಕ್ಕೊರಲಿನಿಂದ ತಿಳಿಸಿರುತ್ತಾರೆ. ಇಂಥ ನಿಯಮಪಾಲನೆ ಈ ವಿಭಾಗದಲ್ಲಿ ಇದೇ ಮೊದಲು.

7. ಈ ಹಿನ್ನೆಲೆಯಲ್ಲಿ ಹಿಂದಿನ ಸುತ್ತೋಲೆಯನ್ನು ರದ್ದುಪಡಿಸಲಾಗಿದೆ. ಕೊನೆಯ ಬರಹದ ಸಾರಾಂಶವನ್ನು ಯಾರಾದರೊಬ್ಬರು ಅಧೀಕ್ಷಕರಿಗೆ ತಿಳಿಸತಕ್ಕದ್ದು. ತಮಾಷೆಯಿದ್ದಲ್ಲಿ ಎಲ್ಲರೆದುರು, ದೂರು ಇದ್ದಲ್ಲಿ ಬಾಗಿಲು ಹಾಕಿಕೊಂಡು. ಎರಡೂ ಅಲ್ಲದಿದ್ದಲ್ಲಿ, ಅಧೀಕ್ಷಕರು ಮೊದಲು ಕುಳಿತುಕೊಳ್ಳುವವರೆಗೆ ಕಾಯತಕ್ಕದ್ದು. ಕುರ್ಚಿ ಒರೆಸುವ ಅವಧಿಯೂ ಇದರಲ್ಲಿ ಸೇರಿದೆ.

8. ಬ್ಲಾಗ್ ಪುನರಾರಂಭವಾದಲ್ಲಿ ಕಡತರಾಯರ ಗೊರಕೆ, ಬಚ್ಚಲುಮನೆಯ ಹಾಡು, ಜಿಪುಣತನ ಯಾವುದನ್ನು ಬೇಕಾದರೂ ಬರೆಯಲು ಲೇಖಕಿಯವರಿಗೆ ಪೂರ್ಣಾಧಿಕಾರ ನೀಡಲಾಗಿದೆ. ಹೊಟ್ಟೆಯ ಬಗ್ಗೆ ಮಾತ್ರ ಕೊಂಚ ರಿಯಾಯಿತಿ ಕೋರಲಾಗಿದೆ.

ಸಹಿ/-
ಅಧೀಕ್ಷಕರು, ಕಡತ ವಿಭಾಗ
(ಹೌದು, ಕಡತರಾಯ)

ಪ್ರತಿಗಳು:

1. ಬೆರಳಚ್ಚು ಅಮ್ಮನವರಿಗೆ, ನಗದೆ ಬೆರಳಚ್ಚು ಮಾಡುವ ಸೂಚನೆಯೊಂದಿಗೆ. (ಪಾಲನೆಯಾಗಿಲ್ಲ.)
2. ಕಂಪ್ಯೂಟರ್ ನೋಡಿಕೊಳ್ಳುವವರಿಗೆ, ಅಧೀಕ್ಷಕರ ಯಂತ್ರದ ನಿರ್ಬಂಧವನ್ನು ಎಲ್ಲಕ್ಕಿಂತ ಮೊದಲು ತೆಗೆಯಲು.
3. ಕಾವಲುಗಾರರಿಗೆ, ಸ್ಕೂಟರಿನ ಬಗ್ಗೆ ವಂದನೆಗಳೊಂದಿಗೆ.
4. ನಲ್ಲಿ ರಿಪೇರಿಯವರಿಗೆ. ಈ ಬಾರಿ "ಯಾರೋ ಕಳಿಸಿದ್ರು" ಎನ್ನದೆ, ಕಳಿಸಿದವರ ಹೆಸರು ಹೇಳಿಯೇ ಒಳಗೆ ಹೋಗಲು.
5. ಬ್ಲಾಗಿನ ಲೇಖಕಿಯವರಿಗೆ, ಫ್ರಿಜ್ಜಿನ ಬಾಗಿಲಿನ ಮೂಲಕ, ದಯಾಪರ ಅವಗಾಹನೆಗಾಗಿ.
6. ಕಚೇರಿ ಪ್ರತಿ.

(ಐದನೇ ಪ್ರತಿಯು ಅಧೀಕ್ಷಕರ ಊಟದ ಡಬ್ಬಿಯಲ್ಲಿ ಹಿಂದಿರುಗಿದ್ದು, ಅದರ ಅಂಚಿನ ಕೈಬರಹದ ಷರಾವನ್ನು ಇಲ್ಲಿ ಯಥಾವತ್ತಾಗಿ ಲಗತ್ತಿಸಿದೆ:)

"ನೋಡಿದೆ. ಬ್ಲಾಗ್ ಮತ್ತೆ ತೆರೆದಿದ್ದೀನಿ, ಈ ಸುತ್ತೋಲೆಯನ್ನೇ ಒಂದಕ್ಷರ ಬಿಡದೆ ಹಾಕಿದ್ದೀನಿ. ಆಗಲೇ ಎಲ್ಲರೂ ಓದಿ ನಗ್ತಿದ್ದಾರೆ. ಕೊನೆ ಬರಹದಲ್ಲಿ ಅಂಥದ್ದೇನೂ ಇರಲಿಲ್ಲ ರೀ. ಚಪ್ಪಲಿ ಕಿತ್ತಿದೆ ಅಂತ ಬರೆದ್ರೆ ಹೊಸದು ಬರುತ್ತೆ, ನಲ್ಲಿ ಸೋರುತ್ತೆ ಅಂತ ಬರೆದ್ರೆ ರಿಪೇರಿಯವನು ಬರ್ತಾನೆ, ಬಾಗಿಲು ಹಾಕ್ಕೊಂಡು ಓದೋರು ಯಾರು ಅಂತ ನಂಗೆ ಮೊದಲಿಂದಾನೂ ಗೊತ್ತು, ಅವರೊಬ್ಬರು ಓದಲಿ ಅಂತಾನೇ ಇಷ್ಟು ದಿನ ಬರೆದೆ ಅಂತ ಬರೆದಿದ್ದೆ. ಅಷ್ಟೇ. ಸಂಜೆ ಬೇಗ ಬನ್ನಿ. ಬರ್ತಾ ಉಪ್ಪು ತನ್ನಿ. ತುರ್ತು."