ಕನ್ನಡಕ ತೆಗೆದು ಲಿಫ್ಟ್ ಹತ್ತಿದ್ದು

ನಾನು ಹೆದರುವ ಹೆಂಗಸಲ್ಲ. ಹಾವು, ಹಲ್ಲಿ, ಅತ್ತೆ, ಯಾವುದಕ್ಕೂ ಹೆದರಿದವಳಲ್ಲ. ಲಿಫ್ಟ್ ಒಂದನ್ನು ಬಿಟ್ಟು.

ಅವ್ವ ಆಸ್ಪತ್ರೆಯಲ್ಲಿದ್ದಾಗ ಅವಳಿಗೆ ಗಂಜಿ ಒಯ್ಯುತ್ತ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದೆ. ಕತ್ತಲು, ಉಸಿರು ಕಟ್ಟಿ ಸತ್ತೇಹೋದೆ ಅಂದುಕೊಂಡೆ. ಅಂದಿನಿಂದ ಲಿಫ್ಟಿನ ಬಾಗಿಲು ಕಂಡರೆ ಬಂದ ದಾರಿ ಹಿಡಿಯುತ್ತಿದ್ದೆ. ಕೇಶ್ವಾಪುರದ ನಮ್ಮ ಮನೆ ನೆಲಕ್ಕೇ ಇರುವುದರಿಂದ ಹೇಗೋ ನಡೆದಿತ್ತು.

ಅಷ್ಟರಲ್ಲಿ ತಮ್ಮ ಬಸವರಾಜನಿಗೆ, ಎಲ್ಲರೂ ಆಸೆ ಬಿಟ್ಟ ಮೇಲೆ, ಹೆಣ್ಣುಮಗು ಹುಟ್ಟಿತು. ತೀರಿಹೋದ ಅವ್ವನ ಹೆಸರನ್ನೇ, ಗಂಗಾ ಎಂದು, ಇಡುವುದೆಂದಾಯಿತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ನನ್ನದು. ತೊಟ್ಟಿಲ ಕಾರ್ಯ ರಾಯಾಪುರದಲ್ಲಿ, ತಮ್ಮನ ಮಾವನ ಮನೆಯಲ್ಲಿ. ಒಂಬತ್ತನೇ ಮಹಡಿ! ನನ್ನ ಮೊಣಕಾಲಿಗೆ ಒಂದು ಮಹಡಿಯೇ ಹೆಚ್ಚು.

“ಆಗೂದಿಲ್ಲಂದ್ರ ಬಿಡಕ್ಕಾ, ಕಾಕಾನ ಮಗಳ ಕಡೆ ಹೇಳಸ್ತೀವಿ” ಎಂದು ತಮ್ಮ ಮೆಲ್ಲಗೆ ಅಂದ. ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಹಾಗಲ್ಲದ್ದರಿಂದ ಅಳು ಬಂತು.

ಹೀಗೆ ನಾನು ಮಾನಸಿಕ ವೈದ್ಯರ ಬಳಿ ಹೋದೆ. ಸಣ್ಣ ವಯಸ್ಸಿನ ಡಾಕ್ಟರಮ್ಮ ನಗಲಿಲ್ಲ, ಅದೇ ಅರ್ಧ ಔಷಧ. ವರ್ಚುವಲ್ ರಿಯಾಲಿಟಿ ಎಂಬ ಡಬ್ಬಿಯನ್ನು ಕಣ್ಣಿಗೆ ಕಟ್ಟಿದರೆ ಕುರ್ಚಿ ಬಿಟ್ಟೇಳದೆ ಲಿಫ್ಟ್ ಹತ್ತಬಹುದು, ಹತ್ತಿ ಹತ್ತಿ ಹೆದರಿಕೆ ಸವೆಯುತ್ತದೆ ಎಂದರು. ಕನ್ನಡಕವಿದ್ದರೆ ಡಬ್ಬಿ ಕೂರುತ್ತಿರಲಿಲ್ಲ. ಕನ್ನಡಕವಿಲ್ಲದೆ ನನಗೆ ದೂರದ್ದು ಕಾಣುತ್ತದೆ, ಹತ್ತಿರದ್ದು ಬರೀ ಮಸುಕು. ಅದನ್ನು ತೆಗೆದು ಜೊತೆಗೆ ಬಂದಿದ್ದ ಯಜಮಾನರ ಕೈಗೆ ಕೊಟ್ಟೆ, ಅವರು ಅಂಗಿಯ ಜೇಬಿಗೆ ಹಾಕಿಕೊಂಡರು.

ಡಬ್ಬಿಯೊಳಗಿನ ಲಿಫ್ಟ್ ಏರಿತು. ನಡುವೆ ಅದು ನಿಂತಾಗ ಕೋಟು ತೊಟ್ಟ ಹಿರಿಯರೊಬ್ಬರು ಒಳಗೆ ಬಂದರು. ಹಿರಿಯರು ನಿಂತಿರುವಾಗ ನಾನು ಕೂತಿರುವುದೇ? ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, “ಬರ್ರಿ, ಈ ಕಡೆ ಬರ್ರಿ” ಎನ್ನುತ್ತ ಹಿಂದೆ ಸರಿದೆ. ಸರಿದವಳು ಡಾಕ್ಟರಮ್ಮನ ಮೇಜಿನ ಮೇಲೆ, ಅವರ ಚಹಾದ ಕಪ್ಪಿನ ಮೇಲೆ ಕೂತೆ.

“ಅದು ಚಿತ್ರ. ಚಿತ್ರಕ್ಕ ಯಾಕ ಜಾಗಾ ಬಿಡ್ತಿ?” ಎಂದರು ಯಜಮಾನರು.

ಸೀರೆ ಹಾಳಾದರೂ ಹಟ ಬಿಡಲಿಲ್ಲ. ಮುಂದಿನ ಸಲ ಬೆವರು ಕಡಿಮೆಯಾಯಿತು. ಕೊನೆಕೊನೆಗೆ ಆ ಕೋಟಿನವರು ನನಗೆ ನೆಂಟರಂತಾಗಿಬಿಟ್ಟಿದ್ದರು.

ತೊಟ್ಟಿಲ ಕಾರ್ಯದ ದಿನ ನಿಜವಾದ ಲಿಫ್ಟಿನ ಮುಂದೆ ನಿಂತೆ. ದೀರ್ಘ ಉಸಿರೆಳೆದುಕೊಂಡೆ, ರೂಢಿಯಂತೆ ಕನ್ನಡಕ ತೆಗೆದು ಯಜಮಾನರಿಗೆ ಕೊಟ್ಟೆ, ಅವರೂ ರೂಢಿಯಂತೆ ಜೇಬಿಗೆ ಹಾಕಿಕೊಂಡರು. ಜನ ತುಂಬಿದ್ದರಿಂದ ಅವರು ಕೆಳಗೇ ಉಳಿದರು. ಬಾಗಿಲು ಮುಚ್ಚಿತು. ಅವ್ವನನ್ನು ನೆನೆದೆ. ಬಾಗಿಲು ತೆರೆಯಿತು. ನಾನು ಒಂಬತ್ತನೇ ಮಹಡಿಯಲ್ಲಿದ್ದೆ, ಜೀವಂತ!

ಮುಂದಿನ ಸರದಿಯಲ್ಲಿ ಹತ್ತಿದ ಯಜಮಾನರು, ನನ್ನ ಕನ್ನಡಕದ ಸಮೇತ, ಐದನೇ ಮಹಡಿಯ ಹತ್ತಿರ ಸಿಕ್ಕಿಕೊಂಡರು.

ಇತ್ತ ಮುಹೂರ್ತ ಮೀರುತ್ತಿತ್ತು. ಕನ್ನಡಕವಿಲ್ಲ ಎಂದು ಬಾಯಿಬಿಟ್ಟರೆ ಕಾಕಾನ ಮಗಳು ಮುಂದೆ ಬಂದಾಳು ಎಂದು ಸುಮ್ಮನೆ ತೊಟ್ಟಿಲಿಗೆ ಬಾಗಿದೆ. ಮಸುಕು ಮಸುಕಾಗಿ ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಕಂಡಿತು, ಅದರೊಳಗೆ ದುಂಡು ಮುಖ. ಎಂಥ ಶಾಂತ ಕೂಸು! ಕಣ್ಣು ತುಂಬಿ ಬಂತು. ಕಿವಿಯಿರಬೇಕಾದಲ್ಲಿ ಬಾಯಿಟ್ಟು “ಕುರ್ರ್... ಗಂಗಾ” ಎಂದೆ. ಹೆಸರು ಹೇಳಿದೊಡನೆ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದಬೇಕು. ಯಾರೂ ಗುದ್ದಲಿಲ್ಲ.

“ಅಕ್ಕಾರ, ಕೂಸು ನನ್ನ ಕೈಯಾಗ ಐತ್ರಿ” ಎಂದರು ತಮ್ಮನ ಅತ್ತೆ.

ಕೂಸಿಗಿಂತ ಮೊದಲು ಚಟ್ನಿ ಅರೆಯುವ ಗುಂಡಕಲ್ಲಿಗೆ ಕುಂಚಿಗೆ ಕಟ್ಟಿ ತೊಟ್ಟಿಲಲ್ಲಿ ಮಲಗಿಸುವುದು ನಮ್ಮ ಪದ್ಧತಿ, ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ನಾನು ಅವ್ವನ ಹೆಸರನ್ನು ಶಾಸ್ತ್ರೋಕ್ತವಾಗಿ ಕಲ್ಲಿಗೆ ಇಟ್ಟಿದ್ದೆ.

ಮನೆಯೆಲ್ಲ ನಕ್ಕಿತು. ತಮ್ಮ ಕಣ್ಣೊರೆಸಿಕೊಳ್ಳುತ್ತ ಬಂದು ಕೂಸನ್ನು ನನ್ನ ಮಡಿಲಿಗೆ ಹಾಕಿದ. “ನೀ ಮ್ಯಾಲೆ ಬಂದಿ, ಅಷ್ಟ ಸಾಕಕ್ಕಾ” ಎಂದ. ಈ ಸಲ ಬಿಸಿಯಾದ, ಮೆತ್ತಗಿನ ಕಿವಿ ಸಿಕ್ಕಿತು. ಗುದ್ದುಗಳೂ ಬಾಕಿ ಸೇರಿಸಿ ಬಿದ್ದವು.

ಆಗ ಬೆವರಿ ತೊಯ್ದು ಬಂದ ಯಜಮಾನರು ಕನ್ನಡಕ ಕೊಟ್ಟು, ಆ ಡಾಕ್ಟರಮ್ಮ ನಾಳೆ ಇರುತ್ತಾರೆಯೇ ಎಂದು ಕಿವಿಯಲ್ಲಿ ಕೇಳಿದರು.

ಈಗ ಆ ಮನೆಯಲ್ಲಿ ಚಟ್ನಿ ಅರೆಯುವಾಗ “ಹಿರೇ ಗಂಗಾನ್ನ ತಗೊಂಡ ಬಾ” ಅನ್ನುತ್ತಾರಂತೆ. ನಾನೇ ಇಟ್ಟ ಹೆಸರು, ಬೇಡವೆನ್ನಲು ಬಾಯಿಲ್ಲ.