ಒಂದಕ್ಕೆ ಇಪ್ಪತ್ತು

ಪ್ಲೇಟಪ್ಪ ತನ್ನ ರೆಕಾರ್ಡ್ ಪ್ಲೇಯರಿಗೆ ಹೊಸ ಸೂಜಿ ತಂದಿದ್ದೇ ತಪ್ಪಾಯಿತು. ಹಳೆಯ ಸೂಜಿ ಒರಟಾಗಿ, ಯಾರ ಹಂಗೂ ಇಲ್ಲದೆ ಹಾಡಿಕೊಂಡಿತ್ತು. ಹೊಸದು ಬಹಳ ನಾಜೂಕಿನದು. ಗಾಯಕಿ ಉಸಿರೆಳೆದುಕೊಂಡದ್ದನ್ನೂ ಹಿಡಿಯುತ್ತದೆ ಎಂದು ಅಂಗಡಿಯವನು ಹೇಳಿದ್ದ. ಹಿಡಿಯುತ್ತಿತ್ತೋ ಏನೋ, ಹಿಡಿದದ್ದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಅದರಿಂದ ಹೊರಡುವ ವಿದ್ಯುತ್ತು ಎಷ್ಟು ಅಲ್ಪವೆಂದರೆ, ಮುಂದಿದ್ದ, ದನಿ ಹೆಚ್ಚಿಸುವ ಪ್ರೀಆಂಪ್ ಪೆಟ್ಟಿಗೆಗೆ ಏನೋ ಬಂದು ಮುಟ್ಟಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಇವೆರಡರ ನಡುವೆ ಒಂದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಇಟ್ಟು ಆ ವಿದ್ಯುತ್ತನ್ನು ಹಿಗ್ಗಿಸಬೇಕಿತ್ತು. ಎಷ್ಟು ಹಿಗ್ಗಿಸಬೇಕು ಎಂಬುದೇ ಪ್ರಶ್ನೆ. ಅಂಗಡಿಯವನು ಮೂರು ಪೆಟ್ಟಿಗೆ ಕೊಟ್ಟು ಕಳಿಸಿದ್ದ: ಒಂದಕ್ಕೆ ಹತ್ತು, ಒಂದಕ್ಕೆ ಇಪ್ಪತ್ತು, ಒಂದಕ್ಕೆ ಮೂವತ್ತು. ಕೇಳಿ ನೋಡಿ, ಒಂದನ್ನಿಟ್ಟುಕೊಂಡು ಉಳಿದವನ್ನು ಹಿಂದಿರುಗಿಸಬೇಕು.

ಪ್ಲೇಟಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಲೈಬ್ರರಿಯಲ್ಲಿ ಗುಮಾಸ್ತನಾಗಿದ್ದ ಆತ ಮನೆಯ ಹಿಂದಿನ ಕೋಣೆಯ ತುಂಬ ಹಾಡಿನ ಪ್ಲೇಟು ಪೇರಿಸಿದ್ದನ್ನು ನೋಡಿ ಕಟ್ಟಡದವರು ಕೊಟ್ಟ ಬಿರುದು. ಆ ಕೋಣೆಯೇ ಅವನ ಪ್ರಾಣ. ಅವತ್ತು ಬೆಳಿಗ್ಗೆ ಆ ಪ್ರಾಣಕ್ಕೇ ಕುತ್ತು ಬಂತು.

"ರೀ, ಸಂಜೆ ಅಮ್ಮ ಬರ್ತಾರೆ," ಎಂದಳು ಹೆಂಡತಿ. "ಇನ್ನು ಮೇಲೆ ನಮ್ಮ ಜೊತೇನೇ ಇರ್ಲಿ ಅಂತಿದೀನಿ. ಮಂಚ ಈ ಕೋಣೇಲಿ ಹಾಕ್ಬೇಕು."

"ಇದು ಹಾಡು ಕೇಳೋ ಕೋಣೆ ಕಣೇ!"

"ಮೂರು ತಿಂಗಳಿಂದ ಒಂದು ಹಾಡು ಬಂದಿದ್ದು ನಾನಂತೂ ಕೇಳಿಲ್ಲ. ಸರಿ, ಒಂದು ಮಾತು. ಅಮ್ಮ ಬರೋದ್ರೊಳಗೆ ಅದು ನೆಟ್ಟಗೆ ಹಾಡಿದ್ರೆ ಕೋಣೆ ನಿಮ್ಮದು, ಅಮ್ಮನ್ನ ಅಣ್ಣನ ಮನೆಗೆ ಕಳಿಸ್ತೀನಿ. ಹಾಡ್ಲಿಲ್ವೋ, ಮಂಚ ಒಳಗೆ, ನಿಮ್ಮ ಪೆಟ್ಟಿಗೆಗಳು ಅಟ್ಟಕ್ಕೆ."

ಅತ್ತೆ ಕೆಟ್ಟವರೇನಲ್ಲ. ಆದರೆ ಅವರು ಮಾತು ಶುರುಮಾಡಿದರೆ ಪೂರ್ಣವಿರಾಮ ಇಡುವುದು ನಿದ್ದೆ ಬಂದಾಗ ಮಾತ್ರ. ಪ್ಲೇಟಪ್ಪ ತಿಂಡಿಯನ್ನೂ ತಿನ್ನದೆ ಸ್ಕ್ರೂಡ್ರೈವರ್ ಹಿಡಿದು ಕೂತ.

ಮೊದಲ ಪೆಟ್ಟಿಗೆ ಸಿಕ್ಕಿಸುವಷ್ಟರಲ್ಲಿ ಮೇಲಿನ ಮನೆಯ ರಿಟೈರ್ಡ್ ಸ್ಟೇಷನ್ ಮಾಸ್ತರು ಕರೆಯದೆಯೇ ಬಂದು ಕುರ್ಚಿ ಎಳೆದುಕೊಂಡರು.

"ಏನ್ರೀ ಇದು, ಒಂದಕ್ಕೆ ಹತ್ತು, ಒಂದಕ್ಕೆ ಮೂವತ್ತು?"

"ಒಂದು ಕೊಟ್ರೆ ಹತ್ತು ಮಾಡಿ ಕೊಡುತ್ತೆ, ಇನ್ನೊಂದು ಮೂವತ್ತು ಮಾಡುತ್ತೆ."

"ಮೂವತ್ತು ಕೊಡೋನು ಮನೆ ಬಾಗಿಲಿಗೆ ಬಂದಿರೋವಾಗ ಹತ್ತು ಕೊಡೋನ ಹಿಂದೆ ಯಾಕ್ರೀ ಹೋಗ್ತೀರಾ? ಹಾಕಿ ಮೂವತ್ತು!"

"ಹಾಗಲ್ಲ ಸಾರ್, ಜಾಸ್ತಿಯಾದ್ರೆ ದನಿ ಒಡೆಯುತ್ತೆ..."

ನಲವತ್ತು ವರ್ಷ ರೈಲುಗಳನ್ನೇ ಗದರಿಸಿದವರು ಗುಮಾಸ್ತನ ಮಾತು ಕೇಳುತ್ತಾರೆಯೇ? ತಾವೇ ಒಂದಕ್ಕೆ ಮೂವತ್ತನ್ನು ಸಿಕ್ಕಿಸಿಬಿಟ್ಟರು. ಗಾಯಕಿ ಬಾಯಿ ತೆರೆದಳು. ಕಬ್ಬಿಣದ ಶೆಟರ್ ಎಳೆದಂತಹ ಒಂದು ಕೂಗು ಹೊರಟು, ಕೆಳಮನೆಯ ದರ್ಜಿಯಕ್ಕ ಅಳತೆ ಟೇಪು ಕೊರಳಲ್ಲೇ ಇದ್ದಂತೆ ಮೆಟ್ಟಿಲು ಹತ್ತಿ ಓಡಿಬಂದಳು.

"ಯಾರಿಗೇನಾಯ್ತು?"

"ಏನಿಲ್ಲಕ್ಕ, ಟ್ರಾನ್ಸ್‌ಫಾರ್ಮರ್ ಆರಿಸ್ತಾ ಇದೀವಿ."

ಬಂದವಳು ಹೋಗಲಿಲ್ಲ. ಒಂದಕ್ಕೆ ಹತ್ತನ್ನು ಹಾಕಿದಾಗ ಕಣ್ಣು ಮುಚ್ಚಿ ಕೇಳಿ, "ಇದೇ ಚೆನ್ನಾಗಿದೆ. ಪಕ್ಕದ ಮನೇಲಿ ಯಾರೋ ಹಾಡ್ದಂಗೆ ಎಷ್ಟು ಮೆತ್ತಗಿದೆ!" ಎಂದಳು. ನೋಡಿದರೆ ಪಕ್ಕದ ಮನೆಯಲ್ಲಿ ನಿಜವಾಗಿಯೂ ಯಾರೋ ಹಾಡುತ್ತಿದ್ದರು. ಪ್ಲೇಟಿನ ಸದ್ದು ಯಾರಿಗೂ ಕೇಳಿಸಿರಲೇ ಇಲ್ಲ.

ಉಳಿದದ್ದು ಒಂದಕ್ಕೆ ಇಪ್ಪತ್ತು. ಅದನ್ನು ಹಾಕಿದ್ದೇ ತಡ, ಕೋಣೆಯ ನಡುವೆ ಗಾಯಕಿ ಬಂದು ಕೂತಂತಾಯಿತು. ಪ್ಲೇಟಪ್ಪನ ಕಣ್ಣಲ್ಲಿ ನೀರು ಬಂತು. ಆದರೆ ಗಾಯಕಿಯ ಹಿಂದೆಯೇ ಗುಂಯ್ ಎಂಬ ಸದ್ದೊಂದು ಬಂದು ಅವಳಿಗಿಂತ ಜೋರಾಗಿ ಹಾಡತೊಡಗಿತು.

"ಇದು ಹಾಡಲ್ಲ, ಜೇನುಗೂಡು," ಎಂದಳು ಹೆಂಡತಿ ಬಾಗಿಲಲ್ಲೇ ನಿಂತು.

ಪ್ಲೇಟಪ್ಪ ಅಂಗಡಿಯವನಿಗೆ ಫೋನು ಮಾಡಿದ. "ಅದು ಸುತ್ತಮುತ್ತಲಿನ ಕರೆಂಟನ್ನೆಲ್ಲ ಹೀರ್ಕೊಳ್ಳುತ್ತೆ ಸಾರ್. ಮೋಟರು, ಫ್ರಿಜ್ಜಿಂದ ದೂರ ಇಡಿ. ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಂದು ದಿಕ್ಕಲ್ಲಿ ಸದ್ದು ನಿಲ್ಲುತ್ತೆ," ಎಂದು ಅವನು ಫೋನಿಟ್ಟುಬಿಟ್ಟ.

ತಿರುಗಿಸುವ ಕೆಲಸ ಪ್ಲೇಟಪ್ಪನದು, ಮೋಟರುಗಳ ಉಸ್ತುವಾರಿ ಮಾಸ್ತರದು. ಅವರು ಮನೆಗೆ ಹೋಗಿ ಹಳೆಯ ಸೀಟಿ ತಂದು ಊದಿದರು. ಕಟ್ಟಡದ ಫ್ರಿಜ್ಜುಗಳು ನಿಂತವು, ನೀರಿನ ಪಂಪು ನಿಂತಿತು. ಒಂದನೇ ಮಹಡಿಯ ಹಲ್ಲಿನ ಡಾಕ್ಟರ ಯಂತ್ರವೂ ನಿಂತಿತು. ಡಾಕ್ಟರು ಜಗಳಕ್ಕೆಂದು ಮೇಲೆ ಬಂದರು. ಕುರ್ಚಿಯಲ್ಲಿ ಅರ್ಧ ಕೊರೆದ ಹಲ್ಲಿನೊಂದಿಗೆ ಬಾಯಿ ತೆರೆದು ಕೂತಿದ್ದ ರೋಗಿಯೂ, ಒಬ್ಬನೇ ಏನು ಮಾಡುವುದೆಂದು, ಬಾಯಿ ತೆರೆದುಕೊಂಡೇ ಹಿಂದೆ ಬಂದ. ಗುಂಯ್ ಎಂಬುದು ಸ್ವಲ್ಪ ತಗ್ಗಿತ್ತು. ಡಾಕ್ಟರು ಜಗಳ ಮರೆತು, "ಎಡಕ್ಕೆ ತಿರುಗ್ಸಿ... ಇನ್ನೂ ಸ್ವಲ್ಪ... ಅಲ್ಲೇ, ಅಲ್ಲಾಡ್ಬೇಡಿ," ಎಂದು ಹಲ್ಲು ಕೀಳುವ ದನಿಯಲ್ಲೇ ಹೇಳತೊಡಗಿದರು. ರೋಗಿಯೂ ಏನೋ ಸಲಹೆ ಕೊಟ್ಟ, ಯಾರಿಗೂ ತಿಳಿಯಲಿಲ್ಲ.

ಮಾಸ್ತರು ಕೊನೆಗೆ ಲಿಫ್ಟನ್ನೂ ನಿಲ್ಲಿಸಿದರು. ಆಗ ಪ್ಲೇಟಪ್ಪ ಸ್ಟೂಲಿನ ಮೇಲೆ ಒಂಟಿಕಾಲಲ್ಲಿ, ಪೆಟ್ಟಿಗೆಯನ್ನು ತಲೆಯ ಮೇಲೆ ಓರೆಯಾಗಿ ಎತ್ತಿ ಹಿಡಿದಿದ್ದ. ಗುಂಯ್ ಎಂಬುದು ಮುಕ್ಕಾಲು ಪಾಲು ಅಡಗಿತು. ಎಲ್ಲರೂ ಚಪ್ಪಾಳೆ ತಟ್ಟುವಷ್ಟರಲ್ಲಿ ಡಬ್ ಡಬ್ ಎಂದು ಹೊಸ ಸದ್ದು ಶುರುವಾಯಿತು.

"ಇದು ಇಪ್ಪತ್ತರದ್ದೇ ದೋಷ," ಎಂದರು ಮಾಸ್ತರು. "ಮೂವತ್ತಲ್ಲಿ ಇದಿರ್ಲಿಲ್ಲ."

ಪ್ಲೇಟಪ್ಪ ಪೆಟ್ಟಿಗೆಯನ್ನು ಹತ್ತು ಕಡೆ ತಿರುಗಿಸಿದ. ಡಬ್ ಡಬ್ ಹೆಚ್ಚುತ್ತಲೇ ಹೋಯಿತು. ಅದಕ್ಕೆ ಬೈಗುಳವೂ ಸೇರಿಕೊಂಡಾಗ ಹೆಂಡತಿಯ ಮುಖ ಬಿಳುಚಿತು.

"ಅಯ್ಯೋ, ಅಮ್ಮ! ಲಿಫ್ಟಲ್ಲಿದಾರೆ!"

ಸಂಜೆ ಬರಬೇಕಾದವರು ಮಧ್ಯಾಹ್ನವೇ ಬಂದಿದ್ದರು. ಲಿಫ್ಟಿನ ಬಾಗಿಲು ತೆರೆದಾಗ ಅತ್ತೆ ತಮ್ಮ ಟ್ರಂಕಿನ ಮೇಲೆ ಕೂತು ಅದರ ಮೇಲೆಯೇ ಛತ್ರಿಯಿಂದ ಬಡಿಯುತ್ತಿದ್ದರು. ಯಾರನ್ನೂ ಮಾತಾಡಿಸದೆ ನೇರ ಕೋಣೆಗೆ ನಡೆದರು. ಸ್ಟೂಲಿನ ಮೇಲಿದ್ದ ಅಳಿಯನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಇದಕ್ಕೋಸ್ಕರಾನಾ ನನ್ನ ಕತ್ತಲೇಲಿ ಕೂಡಿ ಹಾಕಿದ್ದು? ಕೊಡಿ ಇಲ್ಲಿ, ಅಂಥಾದ್ದೇನಿದೆ ನೋಡೋಣ."

ಪೆಟ್ಟಿಗೆಯನ್ನು ಕಿತ್ತುಕೊಂಡು ಕುರ್ಚಿಯಲ್ಲಿ ಕೂತು ಮಡಿಲಲ್ಲಿಟ್ಟುಕೊಂಡರು. ಗುಂಯ್ ಎಂಬುದು ಫಕ್ಕನೆ ನಿಂತಿತು. ಒಂದು ಚೂರೂ ಇಲ್ಲ. ಹಾಡು ತೊಳೆದಿಟ್ಟ ಹಾಗೆ ಹೊರಬಂತು.

ಯಾರಿಗೂ ನಂಬಿಕೆ ಬರಲಿಲ್ಲ. ಮಾಸ್ತರು ಅದೇ ಕುರ್ಚಿಯಲ್ಲಿ ಕೂತು ಹಿಡಿದರು, ಗುಂಯ್. ಡಾಕ್ಟರು ಹಿಡಿದರು, ಗುಂಯ್. ದರ್ಜಿಯಕ್ಕ ಹಿಡಿದರೆ ಗುಂಯ್ ಜೊತೆಗೆ ರೇಡಿಯೋದ ವಾರ್ತೆಯೂ ಬಂತು. ಪೆಟ್ಟಿಗೆಯಿಂದ ನೀರಿನ ಕೊಳಾಯಿಗೆ ತಂತಿ ಎಳೆದರು, ಕಿಟಕಿಯ ಸರಳಿಗೆ ಕಟ್ಟಿದರು, ಅತ್ತೆಯ ಟ್ರಂಕಿನ ಮೇಲೂ ಇಟ್ಟು ನೋಡಿದರು. ಏನೂ ಆಗಲಿಲ್ಲ. ಅತ್ತೆಯ ಮಡಿಲಲ್ಲಿಟ್ಟರೆ ಮಾತ್ರ ನಿಶ್ಶಬ್ದ. ಕಟ್ಟಡದ ಮೋಟರುಗಳನ್ನೆಲ್ಲ ಮತ್ತೆ ಹಾಕಿದರೂ ಅದು ಕದಲಲಿಲ್ಲ.

ಹೆಂಡತಿ ಮಾತಿಗೆ ತಪ್ಪುವವಳಲ್ಲ. "ಹಾಡ್ತು. ಗೆದ್ರಿ ಕಣ್ರೀ. ಕೋಣೆ ನಿಮ್ಮದು. ಅಮ್ಮಾ, ಏಳು, ಅಣ್ಣನ ಮನೆಗೆ ಬಿಟ್ಟು ಬರ್ತೀನಿ."

"ಹೂಂ, ನಡಿ. ಬೇಡ ಅಂದ ಕಡೆ ನಾನ್ಯಾಕಿರ್ಲಿ," ಎಂದು ಅತ್ತೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎದ್ದರು. ಗುಂಯ್ ಎಂದು ಕೋಣೆ ನಡುಗಿತು.

"ಅತ್ತೇ!" ಪ್ಲೇಟಪ್ಪ ಬಾಗಿಲಿಗೆ ಅಡ್ಡ ನಿಂತ. "ಎಲ್ಲಿಗೂ ಹೋಗ್ಬೇಡಿ. ದಮ್ಮಯ್ಯ, ಕೂತ್ಕೊಳ್ಳಿ. ಇಲ್ಲೇ ಇರಿ. ಈ ಕೋಣೇಲೇ ಇರಿ!"

ಮಗಳ ಕಣ್ಣಲ್ಲಿ ಬೆಳಕು ಬಂತು. ಇಂಥ ಅಳಿಯ ಯಾರಿಗುಂಟು ಎಂದು ದರ್ಜಿಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂಚವನ್ನು ಪ್ಲೇಟಪ್ಪ ತಾನೇ ಹೊತ್ತು ತಂದು, ತಾನೇ ಜೋಡಿಸಿ, ಮೇಲೆ ಹಾಸಿಗೆ ಹಾಸಿದ. ಅಕ್ಕಪಕ್ಕದವರು ಸಲಹೆಗಳೆಲ್ಲ ಮುಗಿದ ಮೇಲೆ ಒಬ್ಬೊಬ್ಬರಾಗಿ ಮನೆಗೆ ಹೋದರು.

ಸಂಜೆ ಬಾಗಿಲು ಮುಂದೆ ಮಾಡಿಕೊಂಡು ಪ್ಲೇಟಪ್ಪ ತನ್ನ ಮೆಚ್ಚಿನ ಪ್ಲೇಟು ಹಾಕಿದ. ಅತ್ತೆ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡರು. ಸೂಜಿ ಇಳಿಯಿತು. ಗಾಯಕಿ ಉಸಿರೆಳೆದುಕೊಂಡದ್ದು ನಿಜವಾಗಿಯೂ ಕೇಳಿಸಿತು. ಪ್ಲೇಟಪ್ಪ ಸುಖದಿಂದ ಕಣ್ಣು ಮುಚ್ಚಿದ.

ಅತ್ತೆಯೂ ಉಸಿರೆಳೆದುಕೊಂಡರು.

"ಆ ಲಿಫ್ಟಲ್ಲಿ ನನಗೇನಾಯ್ತು ಗೊತ್ತಾ... ಅಲ್ಲ, ಮೊದಲಿಂದ ಹೇಳ್ತೀನಿ. ಬೆಳಿಗ್ಗೆ ಎದ್ನಾ... ಅಳಿಯಂದ್ರೇ, ಅದನ್ನ ಸ್ವಲ್ಪ ಸಣ್ಣ ಮಾಡಿ. ನಾನು ಹೇಳೋದು ನಿಮಗೆ ಕೇಳಿಸ್ತಾ ಇಲ್ಲ."