ಹೊಸ ಅಳಿಯನ ವಾಚು, ಹಳೆಯ ಅಳಿಯನ ಕೈ

ನಮ್ಮ ಮಾವನ ಮನೆಯಲ್ಲಿ ಮಿಕ್ಸರ್ ಕೊಳ್ಳಲಿ, ಕೂಲರ್ ಕೊಳ್ಳಲಿ, ನಾನು ಪರೀಕ್ಷಿಸಿ ಸೈ ಎನ್ನದೆ ಅದು ಹೊಸ್ತಿಲು ದಾಟುವುದಿಲ್ಲ. ಇದು ನನ್ನ ನಂಬಿಕೆ. ಕೊಂಡು ತಂದ ಮೇಲಷ್ಟೇ ನನಗೆ ತೋರಿಸುತ್ತಾರೆಂಬುದು ಹೆಂಡತಿ ಗಿರಿಜಾಳ ತಕರಾರು. ರಾಯಚೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪಲಾಗದು. ಆ ಪರೀಕ್ಷೆಯ ವಿಡಿಯೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವುದು ನನ್ನ ಸಮಾಜಸೇವೆ.

ಹೀಗಿರುವಾಗ ದೇವದುರ್ಗದ ನಮ್ಮ ಮಾವ ಕಿರಿಯ ಮಗಳು ಸವಿತಾಳ ಮದುವೆ ಗೊತ್ತುಮಾಡಿ, ಹೊಸ ಅಳಿಯನಿಗೆಂದು ಹೈದರಾಬಾದಿನಿಂದ ವಾಚು ತರಿಸಿದರು. ತಂದವರು ಅದನ್ನು ನಮ್ಮ ಮನೆಯಲ್ಲಿಟ್ಟು ಹೋದರು. ಮದುವೆ ಮಾನ್ವಿಯಲ್ಲಿ. ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಮೊದಲು ಎಲ್ಲರೆದುರು ಮದುಮಗನ ಕೈಗೆ ವಾಚು ಕಟ್ಟುವುದು ನಮ್ಮ ಕಡೆಯ ಪದ್ಧತಿ.

"ಅಳಿಯಂದ್ರ, ಮದುವಿ ದಿನ ಜ್ವಾಕಿಯಿಂದ ತರ್ರಿ. ಡಬ್ಬಿ ಮಾತ್ರ ಬಿಚ್ಚಬ್ಯಾಡ್ರಿ" ಎಂದು ಮಾವ ಫೋನಿನಲ್ಲಿ ಹೇಳಿದರು.

ಅವರು ಫೋನಿಡುವಷ್ಟರಲ್ಲಿ ನಾನು ಡಬ್ಬಿ ಬಿಚ್ಚಿದ್ದೆ!

ವಾಚು ಭರ್ಜರಿಯಾಗಿತ್ತು. ಉಕ್ಕಿನ ಮೈ, ಉಕ್ಕಿನ ಪಟ್ಟಿ. ಕಪ್ಪು ಮುಖದೊಳಗೆ ಮೂರು ಪುಟ್ಟ ಮುಖಗಳು. ಪಕ್ಕದ ಗುಂಡಿ ಒತ್ತಿದರೆ ಓಟದ ಪಂದ್ಯದಲ್ಲಿ ಎಣಿಸಿದಂತೆ ಸೆಕೆಂಡು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಗಾಜಿನ ಸುತ್ತ ಸೆರಾಮಿಕ್ ಬಳೆ, ಅದರ ಮೇಲೆ ವೇಗ ಅಳೆಯುವ ಅಂಕಿಗಳು.

"ಸೆರಾಮಿಕ್ ಅಂದ್ರೇನ್ರಿ?" ಗಿರಿಜಾ ಕೇಳಿದಳು.

"ಪಿಂಗಾಣಿ ಜಾತಿ. ಗೀರು ಬೀಳಂಗಿಲ್ಲ."

"ನಮ್ಮ ಚಾದ ಕಪ್ಪು-ಬಸಿಯಂಗ? ಅಷ್ಟಕ್ಕ ಹೈದರಾಬಾದಿಗಿ ಹೋಗಬೇಕಿತ್ತೇನು?"

ವಿಜ್ಞಾನಕ್ಕೆ ಅವಮಾನವಾಯಿತು. ಸ್ಟೀಲ್ ಚಮಚದ ಹಿಡಿಯಿಂದ ಬಳೆಯನ್ನು ಕರಕರ ಗೀರಿದೆ. ವಾಚಿಗೆ ಏನೂ ಆಗಲಿಲ್ಲ, ಗಿರಿಜಾಳ ಮುಖ ಬಿಳಚಿಕೊಂಡಿತು. ನಾನು ಗಂಭೀರವಾಗಿ ಕ್ಯಾಮೆರಾ ನೋಡುತ್ತ, "ಇಂಥ ವಾಚು ಒಮ್ಮೆ ಕೈಗೇರಿದರೆ ಇಳಿಸಲು ಮನಸ್ಸೇ ಬರುವುದಿಲ್ಲ" ಎಂದು ತೀರ್ಪು ಕೊಟ್ಟು, ವಿಡಿಯೋವನ್ನು ಗುಂಪಿಗೆ ಕಳಿಸಿದೆ.

ವೇಗದ ಪರೀಕ್ಷೆಯೊಂದು ಬಾಕಿ ಉಳಿದಿತ್ತು. ತಡೆಯಬೇಕಾದ ಗಿರಿಜಾ ಮೊದಲೇ ತವರಿಗೆ ಹೋಗಿದ್ದಳು. ಮದುವೆಯ ದಿನ ಬೆಳಿಗ್ಗೆ ಮಾನ್ವಿ ಬಸ್ಸು ಹತ್ತುವ ಮುನ್ನ ವಾಚು ಕಟ್ಟಿಕೊಂಡೆ. ಪಟ್ಟಿಯನ್ನು ಮದುಮಗನ ಸಪೂರ ಕೈಗೆ ಅಳತೆ ಮಾಡಿಸಿದ್ದರು. ನನ್ನದು ಮೂರು ಹೊತ್ತೂ ಗಟ್ಟಿಯಾಗಿ ಉಂಡ ಕೈ. ಉಸಿರು ಹಿಡಿದು ಒತ್ತಿದಾಗ ಟಕ್ ಎಂದು ಕೂತಿತು. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಸೆಕೆಂಡು ಓಡಿಸಿದೆ. ಒಮ್ಮೆ ಎಮ್ಮೆಗಳು ಅಡ್ಡ ಬಂದವು. ಇನ್ನೊಮ್ಮೆ ಕುರ್ಡಿ ಕ್ರಾಸಿನಲ್ಲಿ ಹತ್ತಿದ ಮುದುಕಿ, ಬಿಟ್ಟುಬಂದ ಚೀಲಕ್ಕಾಗಿ ಬಸ್ಸನ್ನೇ ನಿಲ್ಲಿಸಿದಳು. ಬಳೆಯ ಮೇಲಿನ ಅಂಕಿ ಗಂಟೆಗೆ ಅರವತ್ತು ಕಿಲೋಮೀಟರಿಗಿಂತ ಕೆಳಗೆ ಇಳಿಯುವುದೇ ಇಲ್ಲ, ನಮ್ಮ ಬಸ್ಸು ಅರವತ್ತಕ್ಕೆ ಏರುವುದೇ ಇಲ್ಲ. ಪರೀಕ್ಷೆ ಅಲ್ಲಿಗೇ ಮುಗಿಯಿತು.

ಮಾನ್ವಿಯಲ್ಲಿ ಇಳಿದು ಬಿಚ್ಚಲು ಹೋದೆ. ವಾಚು ಬಿಚ್ಚಲಿಲ್ಲ! ಉಗುರು ಹಾಕಿದೆ, ಬೀಗದ ಕೈ ಹಾಕಿದೆ, ಕೊನೆಗೆ ಹಲ್ಲೂ ಹಾಕಿದೆ. ಕಲ್ಯಾಣ ಮಂಟಪದ ಅಡುಗೆಯವರಿಂದ ಒಂದು ಸೌಟು ಎಣ್ಣೆ ಇಸಿದುಕೊಂಡು ಹಚ್ಚಿ ಜಗ್ಗಿದೆ. ಕೈ ಊದಿ, ಎಣ್ಣೆಯಲ್ಲಿ ಹೊರಳಾಡಿಸಿದ ಬದನೆಕಾಯಿಯಂತೆ ಹೊಳೆಯತೊಡಗಿತು. ಅಷ್ಟರಲ್ಲಿ ವೇದಿಕೆಗೆ ಕರೆ ಬಂತು. ಶಾಲಿನಲ್ಲಿ ಕೈ ಮುಚ್ಚಿಕೊಂಡು ಹತ್ತಿದೆ.

"ವಾಚೆಲ್ರಿ ಅಳಿಯಂದ್ರ?" ಎಂದರು ಮಾವ.

ಶಾಲು ಸರಿಸಿ ತೋರಿಸಿದೆ. "ಬಿಚ್ಚಾಕ ಆಗವಲ್ಲದ್ರಿ ಮಾವಾ."

ಮಾವ ವಾಚು ನೋಡಿದರು, ನನ್ನ ಮುಖ ನೋಡಿದರು. ಅರಕೇರಾದಿಂದ ಬಂದಿದ್ದ ಅವರ ಅಕ್ಕ ಗುರಮ್ಮತ್ತೆ ಕೂತಲ್ಲಿಂದಲೇ ನನ್ನ ರೋಗ ಪತ್ತೆಹಚ್ಚಿದರು. "ಹಿರೇ ಅಳಿಯ ಮುನಿಸಿಕೊಂಡಾನ್ರಪ್ಪಾ. ಮದ್ಲ ಅವನ್ನ ಸಮಾಧಾನ ಮಾಡ್ರಿ."

ಮದುವೆಯಲ್ಲಿ ಅಳಿಯ ಮುನಿಸಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ, ಅದರ ಚಿಕಿತ್ಸೆಯೂ ಎಲ್ಲರಿಗೂ ಗೊತ್ತು. ಕ್ಷಣದಲ್ಲಿ ನನಗೆ ಕುರ್ಚಿ ಬಂತು. ಮದುಮಗನ ಕಡೆಗಿದ್ದ ಫ್ಯಾನು ನನ್ನ ಕಡೆ ತಿರುಗಿತು. ಯಾರೋ ತಲೆಗೆ ರುಮಾಲು ಸುತ್ತಿದರು, ಇನ್ಯಾರೋ ಬಾಯಿಗೆ ಪೇಡೆ ತುರುಕಿದರು.

"ನಾ ಮುನಿಸಿಕೊಂಡಿಲ್ರಿ" ಎಂದೆ ಪೇಡೆಯ ನಡುವೆಯೇ.

"ಮುನಿಸಿಕೊಂಡೋರು ಹಂಗ ಅಂತಾರ" ಎಂದರು ಗುರಮ್ಮತ್ತೆ.

ಆಗಲೇ ಬೀಗರಲ್ಲೊಬ್ಬರು, ನಮ್ಮ ಗುಂಪಿನಿಂದ ಯಾರೋ ದಾಟಿಸಿದ್ದ ನನ್ನ ವಿಡಿಯೋವನ್ನು ಫೋನಿನಲ್ಲಿ ಹಚ್ಚಬೇಕೆ! ಇಡೀ ಮಂಟಪಕ್ಕೆ ನನ್ನದೇ ದನಿ ಕೇಳಿಸಿತು: "ಕೈಗೇರಿದರೆ ಇಳಿಸಲು ಮನಸ್ಸೇ ಬರುವುದಿಲ್ಲ." ನನ್ನ ವಿರುದ್ಧ ಸಾಕ್ಷಿ ಹೇಳಲು ನಾನೇ ಸಾಕಾಗಿದ್ದೆ.

ಮುಹೂರ್ತ ಮೀರುತ್ತಿತ್ತು. ಬೀಗರು ತಮ್ಮತಮ್ಮಲ್ಲೇ ಗೊಣಗತೊಡಗಿದರು. ಸವಿತಾಳ ಕಣ್ಣು ತುಂಬಿದ್ದು ಕಂಡಿತು. ಆ ಹುಡುಗಿಗೆ ಸೈಕಲ್ ಕಲಿಸಿದವನು ನಾನು. ನನ್ನಿಂದಾಗಿ ಅವಳ ಅಕ್ಕಿಕಾಳು ನಿಂತಿದೆಯಲ್ಲ ಎಂದು ಪಟ್ಟಿಯನ್ನು ಮತ್ತೊಮ್ಮೆ ಜಗ್ಗಿದೆ. ಅಷ್ಟರಲ್ಲಿ ಮಾವ ಕೈ ಮುಗಿದರು.

"ಅದು ನಿಮ್ಗ ಇರ್ಲಿ ಅಳಿಯಂದ್ರ. ಅವ್ರಿಗಿ ಬ್ಯಾರೆ ತರ್ತೀನಿ. ಅಕ್ಕಿಕಾಳು ಬೀಳಾಕ ಬಿಡ್ರಿ."

ನೆಲ ಬಾಯ್ಬಿಟ್ಟಿದ್ದರೆ ಕುರ್ಚಿ ಸಮೇತ ಇಳಿದುಬಿಡುತ್ತಿದ್ದೆ. ಆದರೆ ಮದುಮಗ ಎದ್ದು ಬಂದ. ಬಾಸಿಂಗ ಸರಿಸಿಕೊಂಡು, ನನ್ನ ಕೈ ಹಿಡಿದು, ಪಟ್ಟಿಯ ಕೊಂಡಿಯ ಎಡಬಲಕ್ಕಿದ್ದ ಎರಡು ಸಣ್ಣ ಗುಂಡಿಗಳನ್ನು ಒಟ್ಟಿಗೆ ಒತ್ತಿದ. ಪಟ್ಟಿ ತೆರೆದುಕೊಂಡಿತು. ಎಣ್ಣೆ ತೊಟ್ಟಿಕ್ಕುತ್ತಿದ್ದ ವಾಚನ್ನು ಮಾವ ತಮ್ಮ ಪಂಚೆಯಿಂದ ಒರೆಸಿ ಅವನ ಕೈಗೆ ಕಟ್ಟಿದರು. ಅಕ್ಕಿಕಾಳು ಬಿತ್ತು.

ಒಂದು ಕ್ಷಣ ನಿರಾಳವಾಯಿತು. ಆಮೇಲೆ ನೋಡಿದರೆ ಎಲ್ಲರ ಕಣ್ಣೂ ನನ್ನ ಮೇಲೆಯೇ. ಮದುಮಗ ಚಿಟಿಕೆ ಹೊಡೆಯುವಷ್ಟರಲ್ಲಿ ಬಿಚ್ಚಿದ ವಾಚನ್ನು ನನಗೆ ಬಿಚ್ಚಲಾಗಲಿಲ್ಲವೆಂದರೆ ಯಾರು ನಂಬುತ್ತಾರೆ?

ಗಿರಿಜಾ ನನ್ನನ್ನು ಕಂಬದ ಹಿಂದಕ್ಕೆ ಎಳೆದುಕೊಂಡು ಹೋದಳು. "ಮಂದಿ ಕೇಳಾಕತ್ತಾರ. ಏನಂತ ಹೇಳ್ಲಿ? ವಾಚಿಗಿ ಆಸಿ ಬಿದ್ರು ಅಂತನೋ, ಬಿಚ್ಚಾಕ ತಿಳೀಲಿಲ್ಲ ಅಂತನೋ?"

ಊಟದ ಪಂಕ್ತಿಯಲ್ಲಿ, ಮದುವೆಗೆ ಬಂದಿದ್ದ ನಮ್ಮ ಶಾಲೆಯ ಹೆಡ್‌ಮಾಸ್ತರರು ಕೂತಿದ್ದರು. ಆಸೆಬುರುಕನಾದರೆ ನೌಕರಿಗೇನೂ ಕುಂದಿಲ್ಲ. ದಡ್ಡನಾದರೆ ನಾಳೆ ತರಗತಿಗೆ ಹೋಗುವುದು ಹೇಗೆ? ಬಹಳ ಯೋಚಿಸಿ, "ಆಸಿ ಬಿದ್ರು ಅಂತನ ಹೇಳು" ಎಂದೆ.

"ಎರಡೂ ಹೇಳಿ ಬಂದೀನಿ" ಎಂದಳು ಗಿರಿಜಾ. "ಮಂದಿ ಎರಡೂ ನಂಬ್ಯಾರ."